ಕಳೆದ ನಾಡು, ಬೆಳೆದ ಆಟ

ಈದ್‌ನ ಮಾರನೆಯ ದಿನ ತರೀಕೆರೆಯಲ್ಲಿ ತಂಗಿಯ ಮನೆಯಲ್ಲಿದ್ದೆವು. ಮಧ್ಯಾಹ್ನದ ಊಟ ಮುಗಿಸಿ ಹಿರಿಯರೆಲ್ಲ ಅಡ್ಡಾಗಿದ್ದರು. ಕಾಲೇಜು ಓದುವ ಸೋದರಳಿಯ ಮಾತ್ರ ಮೂಲೆಯ ಕಂಪ್ಯೂಟರಿನ ಮುಂದೆ ಕೂತು, ಹಿಮ ಬಿದ್ದ ಬೆಟ್ಟದ ದಾರಿಯಲ್ಲಿ ಒಬ್ಬ ಯೋಧನನ್ನು ನಡೆಸುತ್ತಿದ್ದ. ದಾರಿ ಒಂದು ಕಣಿವೆಗೆ ಬಂತು. ಅಲ್ಲಿಂದ ಮುಂದೆ ಹೋಗಲು ಒಂದು ಹೆಬ್ಬಾಗಿಲು. ಅವನು ನಮ್ಮ ಕಡೆ ತಿರುಗಿ, "ಮಾಮೂ, ಮೂಲ ಆಟದಲ್ಲಿ ಈ ಬಾಗಿಲು ತೆಗೆಯೋದೇ ಇಲ್ಲ. ಆಚೆ ಏನೂ ಇಲ್ಲ. ಈಗ ನೋಡಿ" ಎಂದ. ಬಾಗಿಲು ದಾಟಿದ್ದೇ ಆಚೆ ಇನ್ನೊಂದು ಸೀಮೆ. ಕಾಡು, ಹಳ್ಳಿ, ಕೋಟೆ, ಒಂದು ಪಟ್ಟಣ, ಪಟ್ಟಣದಲ್ಲಿ ತಮ್ಮ ಪಾಡಿಗೆ ತಾವು ಓಡಾಡುವ ಜನ.

"ಇದನ್ನು ಯಾರು ಕಟ್ಟಿದ್ದು?" ಎಂದು ಕೇಳಿದೆವು.

"ಆಡೋರೇ ಕಟ್ಟಿದ್ದು ಮಾಮೂ. ಕಂಪೆನಿ ಅಲ್ಲ. ದುಡ್ಡೂ ತಗೊಂಡಿಲ್ಲ."

ಅಡುಗೆಮನೆಯಿಂದ ತಂಗಿಯ ದನಿ ಬಂತು: "ಇವನಿಗೆ ನೀವಾದ್ರೂ ಬುದ್ಧಿ ಹೇಳಿ ಅಂದ್ರೆ, ನೀವೂ ಕುರ್ಚಿ ಎಳ್ಕೊಂಡು ಕೂತ್ರಲ್ಲ!"

ತಂಗಿಯ ದೂರು ನ್ಯಾಯವಾದದ್ದೇ. ಮಕ್ಕಳು ಪರದೆಯ ಮುಂದೆ ಕಳೆಯುವ ಹೊತ್ತಿನ ಬಗೆಗೆ ಯಾವ ತಂದೆತಾಯಿಗೆ ಚಿಂತೆಯಿಲ್ಲ? ಆದರೆ ಅಂದು ನಮ್ಮ ತಲೆಯಲ್ಲಿ ಹೊಕ್ಕದ್ದು ಬೇರೆ ಯೋಚನೆ. ಇನ್ನೊಬ್ಬರು ಮಾಡಿಟ್ಟ ಆಟದ ಒಳಗೆ ಹೊಸ ಲೋಕ ಕಟ್ಟುವ ಈ ಕೆಲಸ ಕಂಪ್ಯೂಟರಿನ ಜತೆಗೇ ಹುಟ್ಟಿದ್ದೇ? ಅಲ್ಲ. ನಮ್ಮ ಮೈಸೂರು ಸೀಮೆಯಲ್ಲೇ ಸುಮಾರು ನೂರೆಪ್ಪತ್ತು ವರ್ಷದ ಹಿಂದೆ ಇಂಥದೊಂದು ಕೆಲಸ ನಡೆದಿದೆ. ಅದನ್ನು ಮಾಡಿದವರು ಒಬ್ಬ ಅರಸರು. ಅವರಿಗೆ ಅಷ್ಟು ಬಿಡುವು ದೊರೆತದ್ದರ ಹಿಂದೆ, ನಾವು ಅಂದು ಕೂತಿದ್ದ ಈ ತರೀಕೆರೆಯ ಪಾತ್ರವೂ ಇದೆ. ಆ ಕತೆಯನ್ನು ಹೇಳುವುದೇ ಈ ಲೇಖನದ ಉದ್ದೇಶ.

ಮೂಲ ಆಟ ಮತ್ತು ಮೇಲಿನ ಕಟ್ಟಡ

ಸೋದರಳಿಯ ತೋರಿಸಿದ ಆಟದ ಹೆಸರು ‘ಸ್ಕೈರಿಮ್’. ಅಮೆರಿಕದ ಬೆಥೆಸ್ಡಾ ಕಂಪೆನಿ 2011ರಲ್ಲಿ ಹೊರತಂದದ್ದು. ಅದರ ಕಲ್ಪಿತ ಖಂಡದಲ್ಲಿ ಹಲವು ರಾಜ್ಯಗಳಿವೆ. ಮೂಲ ಆಟ ನಡೆಯುವುದು ಅವುಗಳಲ್ಲಿ ಒಂದರಲ್ಲಿ. ಉಳಿದವು ಮಾತಿನಲ್ಲಿ, ಪುಸ್ತಕಗಳಲ್ಲಿ ಮಾತ್ರ ಬರುತ್ತವೆ. ಆ ಬಾಗಿಲುಗಳ ಆಚೆ ಏನಿರಬಹುದು ಎಂಬ ಕುತೂಹಲ ತಡೆಯಲಾರದೆ ದೇಶದೇಶಗಳ ಹವ್ಯಾಸಿಗಳು ಒಟ್ಟಾಗಿ ‘ಬಿಯಾಂಡ್ ಸ್ಕೈರಿಮ್’ ಎಂಬ ಕೆಲಸ ಹಿಡಿದರು. ಅದರ ಮೊದಲ ದೊಡ್ಡ ಭಾಗ ‘ಬ್ರೂಮಾ’ 2017ರಲ್ಲಿ ಬಂತು. ನಾವು ಕಂಡ ಪಟ್ಟಣ ಅದೇ. ಅದಕ್ಕೂ ಒಂದು ವರ್ಷ ಮೊದಲು, 2016ರಲ್ಲಿ, ಜರ್ಮನಿಯ ಹವ್ಯಾಸಿಗಳ ಒಂದು ತಂಡ ಇದೇ ಆಟವನ್ನು ಬುಡಸಮೇತ ಬದಲಿಸಿ, ಹೊಸ ನಾಡು, ಹೊಸ ಕತೆ, ಹೊಸ ನಿಯಮಗಳ ‘ಎಂಡೆರಾಲ್’ ಎಂಬುದನ್ನು ಕಟ್ಟಿ ಉಚಿತವಾಗಿ ಕೊಟ್ಟಿತು.

ಇಂಥ ತಿದ್ದುಪಡಿಗೆ ಆಟಗಾರರ ಭಾಷೆಯಲ್ಲಿ ‘ಮಾಡ್’ ಎಂದು ಹೆಸರು. ನಮ್ಮ ‘ಮಾಡು’ ಎಂಬ ಮಾತಿನ ಹಾಗೇ ಕೇಳಿಸುತ್ತದೆ. ಇಡೀ ಆಟವನ್ನೇ ಬದಲಿಸಿದರೆ ಅದು ‘ಓವರ್‌ಹಾಲ್ ಮಾಡ್’. ಇವು ಬರೀ ಹುಡುಗಾಟವೆಂದು ತಿಳಿಯಬೇಕಾಗಿಲ್ಲ. ‘ಕೌಂಟರ್ ಸ್ಟ್ರೈಕ್’ ಎಂಬ ಪ್ರಸಿದ್ಧ ಆಟ 1999ರಲ್ಲಿ ಇನ್ನೊಂದು ಆಟದ ಮಾಡ್ ಆಗಿ ಹುಟ್ಟಿತು. ಕಡೂರು, ಬೀರೂರಿನ ಹುಡುಗರೂ ರಾತ್ರಿಯಿಡೀ ಆಡುತ್ತಿದ್ದ ‘ಪಬ್‌ಜಿ’ಯ ಬೇರೂ ಮಾಡ್‌ನಲ್ಲೇ ಇದೆ. ಬ್ರೆಂಡನ್ ಗ್ರೀನ್ ಎಂಬ ಐರ್ಲೆಂಡಿನವರು ಮೊದಲು ಒಂದು ಯುದ್ಧದ ಆಟಕ್ಕೆ ಬೇರೆಯವರು ಮಾಡಿದ್ದ ಮಾಡ್‌ನ ಮೇಲೆ ತಮ್ಮ ಮಾಡ್ ಕಟ್ಟಿದರು. ಅದೇ ಬೆಳೆದು 2017ರಲ್ಲಿ ಸ್ವತಂತ್ರ ಆಟವಾಯಿತು. 2020ರ ಸೆಪ್ಟೆಂಬರಿನಲ್ಲಿ ಭಾರತ ಸರಕಾರ ಅದರ ಮೊಬೈಲ್ ರೂಪವನ್ನು ನಿಷೇಧಿಸಿದಾಗ ಎಷ್ಟೋ ಮನೆಗಳಲ್ಲಿ ಸೂತಕದ ಕಳೆ ಇತ್ತು.

ಇಲ್ಲಿ ಎರಡು ಸಂಗತಿಗಳನ್ನು ಓದುಗರು ಗಮನಿಸಬೇಕು. ಒಂದು, ಮೂಲ ಆಟ ಇಲ್ಲದವರ ಕಂಪ್ಯೂಟರಿನಲ್ಲಿ ‘ಬ್ರೂಮಾ’ವಾಗಲಿ ‘ಎಂಡೆರಾಲ್’ ಆಗಲಿ ನಡೆಯುವುದಿಲ್ಲ. ಎಷ್ಟೇ ಹೊಸದಾಗಿ ಕಟ್ಟಿದರೂ ಅಡಿಪಾಯ ಹಳೆಯದು; ಅದನ್ನು ಕಿತ್ತರೆ ಮೇಲಿನದೂ ಕುಸಿಯುತ್ತದೆ. ಎರಡು, ಒಂದೇ ನೆಲವನ್ನು ಎರಡು ಮಾಡ್‌ಗಳು ತಮ್ಮತಮ್ಮ ರೀತಿಯಲ್ಲಿ ಬದಲಿಸಹೊರಟರೆ ಜಗಳ ಬೀಳುತ್ತದೆ. ಯಾವುದು ಮೊದಲು, ಯಾವುದು ಆಮೇಲೆ ಎಂಬ ಕ್ರಮವನ್ನು ಆಡುವವನೇ ಕೂತು ಹೊಂದಿಸಬೇಕು. ಸೋದರಳಿಯ ಆಟ ಆಡುವುದಕ್ಕಿಂತ ಹೆಚ್ಚು ಹೊತ್ತು ಈ ಹೊಂದಾಣಿಕೆಯಲ್ಲೇ ಕಳೆಯುತ್ತಾನಂತೆ. ಈ ಎರಡು ಮಾತನ್ನು ನೆನಪಿನಲ್ಲಿ ಇಟ್ಟುಕೊಂಡು ನಾವು ಇತಿಹಾಸದ ಕಡೆ ಹೊರಳಬಹುದು.

ಬಾಬರನ ಉಡುಗೊರೆ, ಅಕ್ಬರನ ತಿದ್ದುಪಡಿ

ಇಸ್ಪೀಟು ನಮ್ಮ ಅಂಗಡಿಗಳಿಗೆ ಬರುವ ಮುನ್ನ ಈ ದೇಶದಲ್ಲಿ ಬೇರೊಂದು ಬಗೆಯ ಎಲೆಯಾಟವಿತ್ತು. ಅದರ ಹೆಸರು ಗಂಜೀಫಾ. ಹೆಸರು ಪರ್ಶಿಯನ್ ಮೂಲದ್ದು. ಎಲೆಗಳು ಸಾಮಾನ್ಯವಾಗಿ ದುಂಡಗೆ, ಅಂಗೈಯಲ್ಲಿ ಅಡಗುವಷ್ಟು. ಬಟ್ಟೆ ಇಲ್ಲವೆ ಕಾಗದವನ್ನು ಪದರಪದರವಾಗಿ ಅಂಟಿಸಿ, ಗಟ್ಟಿ ಮಾಡಿ, ಮೇಲೆ ಕೈಯಿಂದ ಚಿತ್ರ ಬರೆದು ಅರಗಿನ ಹೊಳಪು ಕೊಡುತ್ತಿದ್ದರು. ಸಿರಿವಂತರಿಗೆ ದಂತದ, ಆಮೆಚಿಪ್ಪಿನ ಎಲೆಗಳೂ ಇದ್ದವು.

ಭಾರತದ ದಾಖಲೆಗಳಲ್ಲಿ ಇದರ ಹಳೆಯ ಉಲ್ಲೇಖ ಬಾಬರನ ಆತ್ಮಕಥೆಯಲ್ಲಿದೆ. 1527ರಲ್ಲಿ ಸಿಂಧ್‌ನ ಶಾ ಹಸನ್‌ನಿಗೆ ತಾನು ಗಂಜೀಫಾ ಕಳಿಸಿಕೊಟ್ಟ ಸಂಗತಿಯನ್ನು ಬಾಬರ್ ಬರೆದುಕೊಂಡಿದ್ದಾನೆ; ಶಾ ಹಸನ್‌ಗೆ ಆ ಆಟವೆಂದರೆ ಪ್ರೀತಿಯಂತೆ. ಪಾಣಿಪತ್ ಯುದ್ಧ ಮುಗಿದು ಒಂದೇ ವರ್ಷ. ಹೊಸ ಸಾಮ್ರಾಜ್ಯದ ಗಡಿಬಿಡಿಯ ನಡುವೆಯೂ ಒಬ್ಬ ಮಿತ್ರನಿಗೆ ಆಟದ ಎಲೆ ಕಳಿಸಲು ಅವನಿಗೆ ಬಿಡುವಿತ್ತು.

ಮೊಗಲರ ಗಂಜೀಫಾದಲ್ಲಿ ಎಂಟು ಬಣ್ಣಗಳು, ಬಣ್ಣಕ್ಕೆ 12 ಎಲೆ, ಒಟ್ಟು 96. ಪ್ರತಿ ಬಣ್ಣದಲ್ಲೂ ಒಬ್ಬ ಮೀರ್, ಎಂದರೆ ರಾಜ, ಒಬ್ಬ ವಜೀರ, ಮಿಕ್ಕವು ಒಂದರಿಂದ ಹತ್ತರವರೆಗಿನ ಅಂಕಿ ಎಲೆಗಳು. ಎಂಟು ಬಣ್ಣಗಳ ಗುರುತುಗಳೇ ಒಂದು ಆಸ್ಥಾನದ ಪಟ್ಟಿಯಂತಿವೆ: ಕಿರೀಟ, ಬೆಳ್ಳಿಯ ನಾಣ್ಯ, ಕತ್ತಿ, ಗುಲಾಮ, ವೀಣೆಯಂಥ ಚಂಗ್ ವಾದ್ಯ, ಚಿನ್ನದ ನಾಣ್ಯ, ಬರಾತ್ ಎಂಬ ಸರಕಾರಿ ಹುಕುಂ, ಸರಕಿನ ಕಟ್ಟು. ಅರ್ಧ ಬಣ್ಣಗಳಲ್ಲಿ ಹತ್ತು ದೊಡ್ಡದು, ಒಂದು ಚಿಕ್ಕದು. ಇನ್ನರ್ಧದಲ್ಲಿ ತಿರುಗುಮುರುಗು, ಒಂದೇ ದೊಡ್ಡದು, ಹತ್ತು ಎಲ್ಲಕ್ಕಿಂತ ಚಿಕ್ಕದು. ಹಗಲಿನಲ್ಲಿ ಆಡಿದರೆ ಚಿನ್ನದ ನಾಣ್ಯದ ರಾಜ ಯಾರ ಕೈಯಲ್ಲಿದ್ದಾನೋ ಅವರು ಆಟ ಶುರು ಮಾಡಬೇಕು. ಇರುಳಲ್ಲಾದರೆ ಬೆಳ್ಳಿಯ ರಾಜ ಇದ್ದವರು. ಚಿನ್ನ ಸೂರ್ಯನದು, ಬೆಳ್ಳಿ ಚಂದ್ರನದು ಎಂಬ ಲೆಕ್ಕ.

ಅಬುಲ್ ಫಜಲ್ ‘ಐನ್-ಎ-ಅಕ್ಬರಿ’ಯಲ್ಲಿ ಈ ಆಟಕ್ಕೆಂದು ಒಂದು ಭಾಗವನ್ನೇ ಮೀಸಲಿಟ್ಟಿದ್ದಾನೆ. ಅವನು ಮೊದಲು ವಿವರಿಸುವುದು ಹನ್ನೆರಡು ಬಣ್ಣಗಳ, 144 ಎಲೆಗಳ ಒಂದು ಹಳೆಯ ಕಟ್ಟನ್ನು. ಅದರಲ್ಲಿ ಅಶ್ವಪತಿ, ಗಜಪತಿ, ನರಪತಿ, ಧನಪತಿ, ಸುರಪತಿ, ಅಸುರಪತಿ ಹೀಗೆ ಹನ್ನೆರಡು ಒಡೆಯರು. ಹೆಸರುಗಳೆಲ್ಲ ಸಂಸ್ಕೃತದವು, ಆಟದ ಹೆಸರು ಪರ್ಶಿಯನ್. ಆಮೇಲೆ ಅಕ್ಬರ್ ಇದರಲ್ಲಿ ಮಾಡಿದ ಬದಲಾವಣೆಗಳ ವಿವರ ಬರುತ್ತದೆ. ಸೋದರಳಿಯನ ಮಾತಿನಲ್ಲಿ ಹೇಳುವುದಾದರೆ ಅದೊಂದು ಓವರ್‌ಹಾಲ್.

ಅಕ್ಬರ್ ಏನು ಮಾಡಿದ? ಬರೀ ಅಂಕಿಯಾಗಿದ್ದ ಎಲೆಗಳಿಗೆ ತನ್ನ ಸರಕಾರದ ಕೆಲಸಗಾರರನ್ನು ತಂದು ಕೂರಿಸಿದ. ಧನಪತಿಯ ಬಣ್ಣದಲ್ಲಿ ಅಕ್ಕಸಾಲಿ, ಲೋಹ ಕರಗಿಸುವವ, ತೂಗುವವ, ನಾಣ್ಯಕ್ಕೆ ಮುದ್ರೆ ಒತ್ತುವವ. ಬರಾತ್ ಬಣ್ಣದಲ್ಲಿ ಕಾಗದ ಮಾಡುವವ, ಗೆರೆ ಹಾಕುವವ, ದಫ್ತರದ ಗುಮಾಸ್ತ, ಪುಸ್ತಕಕ್ಕೆ ರಟ್ಟು ಕಟ್ಟುವವ, ಬಣ್ಣಗಾರ. ಗುಲಾಮರ ಬಣ್ಣದಲ್ಲಿ ಕೂತವರು, ಅಡ್ಡಬಿದ್ದವರು, ಕುಡಿದವರು, ಕುಡಿಯದವರು. ಸಾಮ್ರಾಜ್ಯವನ್ನು ನಿಜವಾಗಿ ನಡೆಸುತ್ತಿದ್ದ ಕೈಗಳಿಗೆ ಆಟದಲ್ಲಿ ಹೀಗೆ ಮುಖ ಬಂತು. ನಮಗೆ ಇದು ಬಹಳ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಜೂಜಿನ ವಿಷಯದಲ್ಲಿ ಧರ್ಮ ಹೇಳುವುದು ಸ್ಪಷ್ಟವಿದೆ. ಅದರಲ್ಲಿ ನಮಗೆ ಎರಡು ಮಾತಿಲ್ಲ. ಇಲ್ಲಿ ನಾವು ನೋಡುತ್ತಿರುವುದು ಪಣವನ್ನಲ್ಲ. ಒಂದು ಆಟದ ಒಳಗೆ ತಲೆಮಾರುಗಳು ತುಂಬಿದ ಲೋಕವನ್ನು.

ಹತ್ತು ಅವತಾರಗಳು

ಮೊಗಲರ ಆಟ ದೇಶದೊಳಗೆ ಹರಡಿದಂತೆ ಅದರ ಮೈಬಣ್ಣ ಬದಲಾಯಿತು. ದಖನ್, ಒಡಿಶಾ, ಬಂಗಾಳದ ಬಿಷ್ಣುಪುರಗಳಲ್ಲಿ ದಶಾವತಾರದ ಗಂಜೀಫಾ ಬಂತು. ಎಂಟರ ಬದಲು ಹತ್ತು ಬಣ್ಣ. ಹತ್ತು ಅವತಾರಗಳಿಗೆ ಒಂದೊಂದು. ಒಟ್ಟು 120 ಎಲೆ. ಮತ್ಸ್ಯನಿಗೆ ಮೀನು, ಕೂರ್ಮನಿಗೆ ಆಮೆ, ಪರಶುರಾಮನಿಗೆ ಕೊಡಲಿ. ಕಿರೀಟ, ಕತ್ತಿ, ನಾಣ್ಯಗಳ ಜಾಗದಲ್ಲಿ ಪುರಾಣ ಬಂದು ಕೂತಿತು.

ಆದರೆ ಆಟದ ಮೂಳೆ ಬದಲಾಗಲಿಲ್ಲ. ದುಂಡನೆಯ ಎಲೆ ಹಾಗೇ ಉಳಿಯಿತು. ಬಣ್ಣಕ್ಕೊಬ್ಬ ರಾಜ, ಒಬ್ಬ ಮಂತ್ರಿ, ಹತ್ತು ಅಂಕಿ ಎಲೆ ಹಾಗೇ ಉಳಿದವು. ಅರ್ಧ ಬಣ್ಣಗಳಲ್ಲಿ ಅಂಕಿಗಳ ಹೆಚ್ಚುಕಡಿಮೆ ತಿರುಗುಮುರುಗಾಗುವ ನಿಯಮವೂ ಉಳಿಯಿತು. ಹಗಲಿಗೂ ಇರುಳಿಗೂ ಬೇರೆಬೇರೆ ರಾಜನಿಂದ ಆಟ ಶುರುವಾಗುವ ಪದ್ಧತಿಯೂ ಉಳಿಯಿತು. ಹಗಲಲ್ಲಿ ರಾಮ, ಇರುಳಲ್ಲಿ ಕೃಷ್ಣ. ಚಿನ್ನದ ನಾಣ್ಯ ಇದ್ದ ಜಾಗಕ್ಕೆ ಸೂರ್ಯವಂಶದ ರಾಮ ಬಂದ. ಬೆಳ್ಳಿಯ ಜಾಗಕ್ಕೆ ಚಂದ್ರವಂಶದ ಕೃಷ್ಣ ಬಂದ. ಎಷ್ಟು ಸೊಗಸಾದ ಹೊಂದಾಣಿಕೆ ನೋಡಿ! ಇದನ್ನು ಮಾಡಿದವರು ಮೂಲ ಆಟವನ್ನು ಚೆನ್ನಾಗಿ ಬಲ್ಲವರು. ಅದರ ಗುಟ್ಟು ತಿಳಿಯದವರಿಂದ ಇಂಥ ಬದಲಾವಣೆ ಆಗುವುದಿಲ್ಲ.

ಈಗ ಯಾರಾದರೂ, ಈ ಆಟ ಮುಸಲ್ಮಾನರದೋ ಹಿಂದೂಗಳದೋ ಎಂದು ಕೇಳಿದರೆ ಏನು ಹೇಳುವುದು? ದಶಾವತಾರದ ಎಲೆ ಹಿಡಿದು ರಾಮನನ್ನು ಮೊದಲು ಇಳಿಸುವವನು ಮೊಗಲರ ಚಿನ್ನದ ನಾಣ್ಯದ ನಿಯಮವನ್ನೇ ಪಾಲಿಸುತ್ತಿರುತ್ತಾನೆ. ಅಕ್ಬರನ ಎಲೆ ಹಿಡಿದವನು ಗಜಪತಿ, ಅಶ್ವಪತಿಗಳ ಲೆಕ್ಕವನ್ನು ಮುಂದುವರಿಸುತ್ತಿರುತ್ತಾನೆ. ಒಂದನ್ನು ಕಿತ್ತರೆ ಇನ್ನೊಂದು ನಡೆಯುವುದಿಲ್ಲ.

ತರೀಕೆರೆಯ ದಂಗೆ

ಈಗ ನಮ್ಮ ಸೀಮೆಗೆ ಬರೋಣ. ಬೀರೂರು ಜಂಕ್ಷನ್‌ನಲ್ಲಿ ರೈಲುದಾರಿ ಕವಲೊಡೆಯುತ್ತದೆ. ಒಂದು ಕವಲು ತರೀಕೆರೆಯ ಮೇಲೆ ಶಿವಮೊಗ್ಗಕ್ಕೆ, ಇನ್ನೊಂದು ಅಜ್ಜಂಪುರದ ಮೇಲೆ ಹುಬ್ಬಳ್ಳಿ ಕಡೆಗೆ. ಕಡೂರು, ಅಜ್ಜಂಪುರದ ಕಡೆ ಬಯಲು. ತರೀಕೆರೆಯ ಪಡುವಣಕ್ಕೆ ಬಾಬಾಬುಡನ್ ಗಿರಿಸಾಲು, ಕಾಡು, ಮಳೆ. ಬಯಲುಸೀಮೆಯಿಂದ ಮಲೆನಾಡಿಗೆ ಹೋಗುವವರಿಗೆ ತರೀಕೆರೆ ಒಂದು ಹೆಬ್ಬಾಗಿಲು.

ಈ ಬಾಗಿಲನ್ನು ಬಹುಕಾಲ ಕಾದವರು ತರೀಕೆರೆಯ ಪಾಳೆಯಗಾರರು. ಸಂತೆಬೆನ್ನೂರಿನ ಸುಂದರ ಹೊಂಡವನ್ನು ಕಟ್ಟಿಸಿದ ಮನೆತನದವರೇ ಆಮೇಲೆ ಇಲ್ಲಿ ನೆಲೆನಿಂತರು. ಹೈದರಾಲಿಯ ಕಾಲದಲ್ಲಿ ತರೀಕೆರೆ ಮೈಸೂರಿಗೆ ಸೇರಿತು. ಅಜ್ಜಂಪುರದ ಹುಲ್ಲುಗಾವಲುಗಳ ಕತೆಯೂ ಮೈಸೂರಿನ ಅರಸೊತ್ತಿಗೆಯ ಜತೆ ಹೆಣೆದುಕೊಂಡದ್ದೇ. ಚಿಕ್ಕದೇವರಾಜ ಒಡೆಯರ ‘ಬೆಣ್ಣೆ ಚಾವಡಿ’ಯನ್ನು ಹೈದರ್ ತನ್ನ ದಂಡಿನ ಸಾಗಾಟಕ್ಕೆ ಬೆಳೆಸಿದ, ಟಿಪ್ಪು ಅದಕ್ಕೆ ‘ಅಮೃತ ಮಹಲ್’ ಎಂಬ ಹೆಸರಿಟ್ಟು, ದನಗಳ ಪಾಲನೆಗೆ ಹುಕುಂನಾಮೆ ಬರೆಸಿದ. ಆ ತಳಿ ಇಂದಿಗೂ ಅಜ್ಜಂಪುರದ ಕೇಂದ್ರದಲ್ಲಿ ಉಳಿದಿದೆ. ಚಾವಡಿ ಒಡೆಯರದು, ‘ಮಹಲ್’ ಟಿಪ್ಪುವಿನದು. ಹಸು ಮಾತ್ರ ಎರಡೂ ಕಾಲದಲ್ಲಿ ಅದೇ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಮಡಿದ ಮೇಲೆ ಇಂಗ್ಲಿಷರು ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಸಿಂಹಾಸನದ ಮೇಲೆ ಕೂರಿಸಿದರು. ದಿವಾನ್ ಪೂರ್ಣಯ್ಯ ಆಡಳಿತ ನಡೆಸಿದರು. ಕಂಪೆನಿಗೆ ವರ್ಷಕ್ಕೆ ಕೊಡಬೇಕಾದ ಹಣ 7 ಲಕ್ಷ ಪಗೋಡ, ಎಂದರೆ 24 ಲಕ್ಷ 50 ಸಾವಿರ ರೂಪಾಯಿ. ದೊರೆಗೆ ಅಧಿಕಾರ ಬಂದ ಮೇಲೆ ಖಜಾನೆ ಸೊರಗಿತು. ಕಂದಾಯ ವಸೂಲಿಗೆ ‘ಶರ್ತಿ’ ಎಂಬ ಪದ್ಧತಿ ಬಂತು. ಇಷ್ಟು ಹಣ ಕಟ್ಟುತ್ತೇನೆಂದು ಅಮಲ್ದಾರ ಶರತ್ತು ಬರೆದುಕೊಡಬೇಕು. ಕಡಿಮೆ ಬಿದ್ದರೆ ಅವನ ತಲೆಯ ಮೇಲೆ. ಅಮಲ್ದಾರ ಅದನ್ನು ಯಾರ ತಲೆಯ ಮೇಲೆ ಹಾಕಿದನೆಂದು ಬಿಡಿಸಿ ಹೇಳಬೇಕಿಲ್ಲ.

1830ರಲ್ಲಿ ನಗರ ಸೀಮೆಯ ರೈತರು ‘ಕೂಟ’ ಕಟ್ಟಿದರು. ಅಲ್ಲಲ್ಲಿ ಸೇರಿ, ಕಂದಾಯ ಕೊಡುವುದಿಲ್ಲವೆಂದು ಕೂತರು. ಬೂದಿ ಬಸವಪ್ಪ ಎಂಬಾತ ಕೆಳದಿಯ ಗಾದಿಗೆ ತಾನೇ ವಾರಸುದಾರನೆಂದು ಎದ್ದು ನಿಂತ. ತರೀಕೆರೆಯ ಪಾಳೆಯಗಾರ ಮನೆತನ ಅವರೊಡನೆ ಕೈಜೋಡಿಸಿತು. ರಂಗಪ್ಪನಾಯಕ, ಸರ್ಜಾ ಹನುಮಪ್ಪನಾಯಕರ ಹೆಸರುಗಳು ಈ ದಂಗೆಯ ಚರಿತ್ರೆಯಲ್ಲಿ ಉಳಿದಿವೆ. ಒಬ್ಬರಿಗೆ ಹೊಟ್ಟೆಯ ಸಂಕಟ, ಇನ್ನೊಬ್ಬರಿಗೆ ಕಳೆದುಕೊಂಡ ಗಾದಿಯ ಹಂಬಲ. ಒಂದೇ ನೆಲದ ಮೇಲೆ ರೈತ, ಪಾಳೆಯಗಾರ, ಒಡೆಯ, ಕಂಪೆನಿ ನಾಲ್ವರೂ ತಮ್ಮತಮ್ಮ ನಕ್ಷೆ ಹರಡಿದ್ದರು. ಅವನ್ನು ಹೊಂದಿಸಲು ಯಾರೂ ಕೂರಲಿಲ್ಲ. ಇಂಗ್ಲಿಷರ ಪಡೆಗಳು ಬಂದು ದಂಗೆಯನ್ನು ಅಡಗಿಸಿದವು.

ಅದರ ಫಲ ಅನುಭವಿಸಿದವರಲ್ಲಿ ದೊರೆಯೂ ಒಬ್ಬರು. 1831ರ ಅಕ್ಟೋಬರಿನಲ್ಲಿ ಗವರ್ನರ್ ಜನರಲ್ ವಿಲಿಯಂ ಬೆಂಟಿಂಕ್ ಆಡಳಿತವನ್ನು ಅವರ ಕೈಯಿಂದ ತೆಗೆದುಕೊಂಡ. ತನ್ನ ಆತುರದ ಕ್ರಮದ ಬಗೆಗೆ ಆಮೇಲೆ ಅವನಿಗೇ ಅನುಮಾನ ಬಂತು. ಆದರೆ ಹೋದ ಅಧಿಕಾರ ಹಿಂದಿರುಗಲಿಲ್ಲ. ದೊರೆಗೆ ಉಳಿದದ್ದು ಅರಮನೆ, ವರ್ಷಕ್ಕೆ ಒಂದು ಲಕ್ಷ ಪಗೋಡ, ಆದಾಯದ ಐದರಲ್ಲೊಂದು ಪಾಲು ಮತ್ತು ಬೇಕಾದಷ್ಟು ಬಿಡುವು. ಆಗ ಅವರ ವಯಸ್ಸು 37. ಇನ್ನೂ 36 ವರ್ಷ ಬದುಕಿದ್ದರು. 1868ರ ಮಾರ್ಚ್ 27ರಂದು ತೀರಿಕೊಳ್ಳುವವರೆಗೂ ರಾಜ್ಯ ಮರಳಿ ಕೊಡಿ ಎಂಬ ಅವರ ಬೇಡಿಕೆ ನಿಂತಿರಲಿಲ್ಲ. ರಾಜ್ಯ ಮರಳಿದ್ದು 1881ರಲ್ಲಿ, ಅವರ ದತ್ತುಮಗ ಚಾಮರಾಜೇಂದ್ರ ಒಡೆಯರ ಕೈಗೆ.

360 ಎಲೆಗಳ ರಾಜ್ಯ

ಅಧಿಕಾರ ಹೋದ ಮೇಲಿನ ದಶಕಗಳಲ್ಲಿ ಮುಮ್ಮಡಿಯವರ ಅರಮನೆ ವಿದ್ವಾಂಸರ, ಚಿತ್ರಗಾರರ, ಸಂಗೀತಗಾರರ ಮನೆಯಾಯಿತು. ಅವರ ಹೆಸರಿನಲ್ಲಿ ರೂಪುಗೊಂಡ ‘ಶ್ರೀತತ್ತ್ವನಿಧಿ’ ಒಂಬತ್ತು ಭಾಗಗಳ ಬೃಹತ್ ಸಚಿತ್ರ ಗ್ರಂಥ. ಶಕ್ತಿನಿಧಿಯಿಂದ ಆಗಮನಿಧಿಯವರೆಗೆ ಎಂಟು ಭಾಗಗಳಲ್ಲಿ ದೇವತೆಗಳ, ಗ್ರಹಗಳ, ಪೂಜೆಯ ವಿಚಾರ. ಒಂಬತ್ತನೆಯದರ ಹೆಸರು ‘ಕೌತುಕನಿಧಿ’. ಅದರಲ್ಲಿ ಆಟಗಳಿವೆ.

ಚದುರಂಗದ ಕುದುರೆಯನ್ನು 64 ಮನೆಗಳಲ್ಲಿ ಒಮ್ಮೊಮ್ಮೆ ಮಾತ್ರ ಕುಣಿಸಿ, ಅಂಕಿಗಳು ಅಡ್ಡಕ್ಕೂ ಉದ್ದಕ್ಕೂ ಒಂದೇ ಮೊತ್ತ ಕೊಡುವಂತೆ ಮಾಡುವ ಲೆಕ್ಕದಲ್ಲಿ ಮುಮ್ಮಡಿಯವರು ನಿಸ್ಸೀಮರೆಂಬುದನ್ನು ಚದುರಂಗದ ಇತಿಹಾಸ ಬರೆದವರು ಒಪ್ಪಿದ್ದಾರೆ. ಆದರೆ ಅವರು ದೊಡ್ಡ ಲೋಕ ಕಟ್ಟಿದ್ದು ಗಂಜೀಫಾದಲ್ಲಿ. ಅವರ ಕೈಯಲ್ಲಿ ಗಂಜೀಫಾ ‘ಛದ’ವಾಯಿತು. ಛದ ಎಂದರೆ ಎಲೆ. ಕೌತುಕನಿಧಿ ಹದಿಮೂರು ಬಗೆಯ ಛದಗಳನ್ನು ಹೇಳುತ್ತದೆ. ಅತಿ ಚಿಕ್ಕದರಲ್ಲಿ 36 ಎಲೆ, ಅತಿ ದೊಡ್ಡದರಲ್ಲಿ 360. ಚಾಮುಂಡೇಶ್ವರಿ ಛದವೊಂದಕ್ಕೇ 320 ಎಲೆ. ನವಗ್ರಹಗಳಿಗೆ ಒಂದು ಆಟ, ದಿಕ್ಪಾಲಕರಿಗೆ ಒಂದು, ಪಾಂಡವರಿಗೆ ಒಂದು.

ಬಣ್ಣಗಳು ಎಂಟು, ಹತ್ತು ಇದ್ದದ್ದು ಹದಿನೆಂಟರವರೆಗೂ ಬೆಳೆದವು. ಮೀರ್ ಮತ್ತು ವಜೀರ ಇಬ್ಬರೇ ಇದ್ದ ಮುಖದ ಎಲೆಗಳು ಹಲವು ಛದಗಳಲ್ಲಿ ಆರಾದವು. ಅಂಕಿ ಎಲೆಗಳು ಹತ್ತಿದ್ದದ್ದು ಹನ್ನೆರಡಾದವು. ಹಳೆಯ ಗಂಜೀಫಾದಲ್ಲಿ ತುರುಫು ಎಂಬುದೇ ಇರಲಿಲ್ಲ. ಇಲ್ಲಿ ಕೆಲವು ಆಟಗಳಲ್ಲಿ ಒಂದು ಬಣ್ಣಕ್ಕೆ ಶಾಶ್ವತ ತುರುಫಿನ ಪಟ್ಟ ಬಂತು. ಯಾವ ಎಲೆಗೆ ಮಿಕ್ಕ ಎಲೆಗಳು ಎಂದೂ ಎದುರಾಡಲಾರವೋ ಅಂಥದೊಂದು ಸ್ಥಿರವಾದ ಅಧಿಕಾರವನ್ನು, ಸ್ವಂತ ಅಧಿಕಾರ ಕಳೆದುಕೊಂಡ ದೊರೆ ತನ್ನ ಆಟದಲ್ಲಿ ಸ್ಥಾಪಿಸಿದ್ದು ಕಾಕತಾಳೀಯವೋ ಏನೋ, ಓದುಗರೇ ತೀರ್ಮಾನಿಸಲಿ. ಕಂಪೆನಿಯ ರೆಸಿಡೆಂಟನ ಸಹಿ ಬೇಡದ ರಾಜ್ಯವೊಂದು ಅವರಿಗೆ ಉಳಿದಿದ್ದರೆ ಅದು ಈ ಎಲೆಗಳ ರಾಜ್ಯ.

ಇದನ್ನು ಹಗುರಾಗಿ ಕಾಣಲು ನಮಗೆ ಮನಸ್ಸಿಲ್ಲ. ನಾಡು ಕಳೆದ ಎಷ್ಟೋ ಅರಸರು ಕುಡಿತದಲ್ಲಿ, ಬೇಟೆಯಲ್ಲಿ ಕಾಲ ಕಳೆದರು. ಮುಮ್ಮಡಿಯವರು ಬಾಬರನ ಕಾಲದಿಂದ ಬಂದ ಒಂದು ಆಟವನ್ನು ಎತ್ತಿಕೊಂಡು, ಅದರ ಮುಚ್ಚಿದ ಬಾಗಿಲುಗಳನ್ನು ಒಂದೊಂದಾಗಿ ತೆರೆದು, ತಮಗೆ ತಿಳಿದ ಲೋಕವನ್ನೆಲ್ಲ ಅದರೊಳಗೆ ಜೋಡಿಸಿದರು. ಮೈಸೂರು ಚಿತ್ರಶೈಲಿಯ ಕೈಗಳಿಗೆ ಅದರಿಂದ ಕೆಲಸವೂ ಸಿಕ್ಕಿತು.

ಆದರೆ ಒಂದು ಮಾತು ಹೇಳದೆ ಬಿಡುವಂತಿಲ್ಲ. ಅಕ್ಬರನ ಎಲೆಗಳಲ್ಲಿ ಕಾಗದ ಮಾಡುವವನಿಗೂ ರಟ್ಟು ಕಟ್ಟುವವನಿಗೂ ಜಾಗವಿತ್ತು. ಮೈಸೂರಿನ ಛದಗಳಲ್ಲಿ ಮುಖ್ಯ ಪೀಠಗಳೆಲ್ಲ ದೇವತೆಗಳಿಗೆ, ಗ್ರಹಗಳಿಗೆ, ಪುರಾಣದ ವೀರರಿಗೆ. ದೊರೆಯ ನಿಜವಾದ ರಾಜ್ಯ ಕಳೆದುಹೋದದ್ದು ಶರ್ತಿಯ ಅಮಲ್ದಾರನಿಂದ, ಕೂಟ ಕಟ್ಟಿದ ರೈತನಿಂದ, ತರೀಕೆರೆಯ ನಾಯಕನಿಂದ. ಪುರಾಣದ ಆ ರಾಜ್ಯದಲ್ಲಿ ಅವರ ಹೆಸರಿನ ಬಣ್ಣವಿಲ್ಲ. ಲೋಕವನ್ನು ಎಷ್ಟು ಹಿಗ್ಗಿಸಿದರೂ ಅಲ್ಲಿ ಯಾರನ್ನು ಸೇರಿಸುತ್ತೇವೆ, ಯಾರನ್ನು ಬಿಡುತ್ತೇವೆ ಎಂಬ ಪ್ರಶ್ನೆ ಉಳಿದೇ ಉಳಿಯುತ್ತದೆ.

ಆಡುವವರಿಲ್ಲದ ಲೋಕ

ಮುಮ್ಮಡಿಯವರ ಆಟಗಳು ಅರಮನೆಯ ಹೊಸ್ತಿಲು ದಾಟಿ ಜನರ ಜಗಲಿಗೆ ಬರಲಿಲ್ಲ. 360 ಎಲೆ ಯಾರ ಅಂಗೈಯಲ್ಲಿ ಹಿಡಿದಾವು? ಹದಿನೆಂಟು ಬಣ್ಣಗಳ ಲೆಕ್ಕ ಯಾರು ನೆನಪಿಟ್ಟಾರು? ಹೊತ್ತಿಗೆ ಸರಿಯಾಗಿ ಅಚ್ಚಿನ ಇಸ್ಪೀಟು ಅಗ್ಗದಲ್ಲಿ ಬಂತು. 52 ಎಲೆಯ ಕಟ್ಟು ಅಂಗಿಯ ಜೇಬಿನಲ್ಲಿ ಕೂತಿತು. ಛದಗಳು ಸಂಗ್ರಹಾಲಯ ಸೇರಿದವು.

ಅವನ್ನು ಮತ್ತೆ ಲೋಕಕ್ಕೆ ತೋರಿಸಿದವರಲ್ಲಿ ಒಬ್ಬರು ಮುಂಬಯಿಯಲ್ಲಿ ನೆಲೆಸಿದ್ದ ಜರ್ಮನ್ ಮೂಲದ ಕಲಾವಿಮರ್ಶಕ ರುಡಾಲ್ಫ್ ಫಾನ್ ಲೈಡನ್. ಅವರು ಜೀವಮಾನವಿಡೀ ಗಂಜೀಫಾ ಕೂಡಿಟ್ಟು ಓದಿದರು. 1982ರಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ಗಂಜೀಫಾ ಪ್ರದರ್ಶನ ನಡೆಯಿತು. ಮೈಸೂರಿನಲ್ಲಿ ಗಂಜೀಫಾ ರಘುಪತಿ ಭಟ್ಟರು ಆ ದುಂಡು ಎಲೆಗಳ ಚಿತ್ರಗಾರಿಕೆಗೆ ಮರುಜೀವ ಕೊಟ್ಟರು. ಮೈಸೂರು ಗಂಜೀಫಾಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ‘ಕ್ರೀಡಾ ಕೌಶಲ್ಯ’ ಎಂಬ ಹೆಸರಿನಲ್ಲಿ ಹಳೆಯ ಆಟಗಳ ಪ್ರದರ್ಶನಗಳನ್ನು ನಡೆಸಿದೆ. ಎಲೆಗಳು ಉಳಿದಿವೆ. ಗೋಡೆಗೆ ಚೌಕಟ್ಟು ಹಾಕಿ ತೂಗಿಸುವವರೂ ಇದ್ದಾರೆ. ಆಡುವವರು ಮಾತ್ರ ಇಲ್ಲವೆನ್ನುವಷ್ಟು ಕಡಿಮೆ.

ಅದೇ ವೇಳೆ ಚೌಕಾಬಾರ ನೋಡಿ. ಅದಕ್ಕೆ ದೊರೆಯ ಆಶ್ರಯ ಬೇಕಾಗಲಿಲ್ಲ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದೈದು ಮನೆ ಬರೆದರಾಯಿತು. ಕವಡೆ ಇಲ್ಲವೇ? ಹುಣಿಸೆ ಬೀಜವನ್ನು ಒಂದು ಮಗ್ಗುಲಿಗೆ ಉಜ್ಜಿದರಾಯಿತು. ಕಾಯಿಗೆ ಬಳೆಚೂರು. ನಮ್ಮ ದಾದಿ ನಡುಮಧ್ಯಾಹ್ನ ಹಿತ್ತಲ ಬಾಗಿಲಲ್ಲಿ ಪಕ್ಕದ ಮನೆಯ ಗೌಡರ ಅಜ್ಜಿಯೊಡನೆ ಇದನ್ನು ಆಡುತ್ತಿದ್ದುದು ಕಣ್ಣಿಗೆ ಕಟ್ಟಿದಂತಿದೆ. ಐದು ಮನೆಯ ಆಟ ಬೇಸರವಾದರೆ ಅವರೇ ಏಳು ಮನೆಗೆ ಹಿಗ್ಗಿಸಿಕೊಳ್ಳುತ್ತಿದ್ದರು. ಯಾರ ಅಪ್ಪಣೆಯೂ ಬೇಕಿರಲಿಲ್ಲ. ಇಬ್ಬರ ನಡುವೆ ಮಾತು ಒಪ್ಪಿದರೆ ಅದೇ ನಿಯಮ.

ಮುಮ್ಮಡಿಯವರ ಲೋಕಕ್ಕೂ ಅಜ್ಜಿಯರ ಚೌಕಕ್ಕೂ ಇದೇ ವ್ಯತ್ಯಾಸ. ಒಂದನ್ನು ಒಬ್ಬರು ಮೇಲೆ ಕೂತು ಎಲ್ಲರಿಗಾಗಿ ಕಟ್ಟಿದರು. ಇನ್ನೊಂದನ್ನು ಆಡುವವರೇ ಆಡುತ್ತಾ ಬೆಳೆಸಿದರು. ಮೊಗಲರ ಚಿನ್ನದ ನಾಣ್ಯದ ಜಾಗದಲ್ಲಿ ರಾಮನನ್ನು ಕೂರಿಸಿದವರೂ ಈ ಎರಡನೆಯ ಸಾಲಿನವರೇ ಇರಬೇಕು. ಅವರ ಹೆಸರು ನಮಗೆ ಸಿಗುವುದಿಲ್ಲ. ಸಿಗದಿದ್ದರೇನು, ಅವರ ಆಟ ದಖನ್‌ನಿಂದ ಒಡಿಶಾದವರೆಗೆ ಊರೂರು ತಿರುಗಿತು.

ಈ ಚರಿತ್ರೆಯನ್ನು ಇಷ್ಟು ವಿಸ್ತರಿಸಿ ಹೇಳಲು ಕಾರಣವಿದೆ. ಈಚಿನ ದಿನಗಳಲ್ಲಿ ನಮ್ಮ ಸೀಮೆಯ ಪ್ರತಿಯೊಂದು ಗಿರಿ, ಗುಡಿ, ದರ್ಗಾ, ಊರಹೆಸರಿನ ಮುಂದೆ ನಿಂತು, ಇದು ಮೂಲದಲ್ಲಿ ಯಾರದು ಎಂದು ಕೇಳುವುದು ರೂಢಿಯಾಗಿದೆ. ಮೂಲ ಹುಡುಕುವುದು ತಪ್ಪಲ್ಲ. ಇತಿಹಾಸದ ಕೆಲಸವೇ ಅದು. ಆದರೆ ಮೂಲ ಸಿಕ್ಕಿತೆಂದು ಮೇಲಿನದನ್ನೆಲ್ಲ ಅಳಿಸಹೊರಡುವುದು, ಇಲ್ಲವೇ ಮೇಲಿನದು ನಮ್ಮದೆಂದು ಅಡಿಪಾಯವನ್ನು ಮರೆಮಾಚುವುದು, ಇವೆರಡೂ ಆಟವನ್ನೇ ಕೆಡಿಸುವ ದಾರಿಗಳು. ಗಂಜೀಫಾದಿಂದ ಪರ್ಶಿಯಾವನ್ನು ತೆಗೆಯಿರಿ, ದಶಾವತಾರದ ಎಲೆಗೆ ಹಗಲಿರುಳಿನ ನಿಯಮವಿಲ್ಲ. ಅವತಾರಗಳನ್ನು ತೆಗೆಯಿರಿ, ಮೈಸೂರಿನ ಛದವಿಲ್ಲ. ಅಮೃತ ಮಹಲ್‌ನಿಂದ ಒಡೆಯರನ್ನು ತೆಗೆದರೂ ಟಿಪ್ಪುವನ್ನು ತೆಗೆದರೂ ಅಜ್ಜಂಪುರದ ಹಸುವಿನ ಕತೆ ಅರ್ಧವಾಗುತ್ತದೆ.

ಅಂದು ಸಂಜೆ ಬೀರೂರಿನಲ್ಲಿ ರೈಲು ಹಿಡಿಯಬೇಕಿತ್ತು. ಸೋದರಳಿಯ ತನ್ನ ಬೈಕಿನಲ್ಲಿ ಬಿಡಲು ಬಂದ. ದಾರಿಯುದ್ದಕ್ಕೂ ಅವನಿಗೆ ಇದೇ ಕತೆ ಹೇಳಿದೆವು. ಬಾಬರನಿಗೂ ಅಕ್ಬರನಿಗೂ ಅವನು ಹೂಂಗುಟ್ಟಿದ. ತರೀಕೆರೆಯ ನಾಯಕರ ಮಾತು ಬಂದಾಗ ಮಾತ್ರ ಬೈಕಿನ ವೇಗ ಇಳಿಸಿ, "ನಮ್ಮ ಊರಾ ಮಾಮೂ? ನಮ್ಮ ಬುಕ್ಕಲ್ಲಿ ಇಲ್ವಲ್ಲ" ಎಂದ. ‘ಬ್ರೂಮಾ’ದ ಬೀದಿಬೀದಿಯೂ ಗೊತ್ತಿರುವ ಹುಡುಗನಿಗೆ ತಾನು ಹುಟ್ಟಿ ಬೆಳೆದ ಊರು ಒಂದು ಕಾಲಕ್ಕೆ ಮೈಸೂರಿನ ಗಾದಿಯನ್ನೇ ಅಲುಗಾಡಿಸಿತ್ತೆಂದು ಯಾರೂ ಹೇಳಿರಲಿಲ್ಲ. ಆ ಬಾಗಿಲು ಅವನಿಗೆ ಮುಚ್ಚಿಯೇ ಇತ್ತು. ತಪ್ಪು ಅವನದಲ್ಲ, ಹಿರಿಯರಾದ ನಮ್ಮದು.

ಸ್ಟೇಷನ್ನಿನಲ್ಲಿ ರೈಲು ತಡವಿತ್ತು. ಅವನು ಟಿಕೆಟಿನ ಹಿಂಬದಿಯಲ್ಲಿ ಪೆನ್ನಿನಿಂದ ಏನೋ ಗೀಚತೊಡಗಿದ. ನೋಡಿದರೆ ದುಂಡನೆಯ ಎಲೆಗಳು. ಒಂದರಲ್ಲಿ ಕುದುರೆಯ ಮೇಲೆ ನಾಯಕ, ಒಂದರಲ್ಲಿ ನೇಗಿಲು, ಒಂದರಲ್ಲಿ ಉದ್ದ ಕೊಂಬಿನ ಹಸು. "ಅಮಲ್ದಾರನ್ನ ಯಾವ ಎಲೆ ಹೊಡೀಬೇಕು ಮಾಮೂ?" ಎಂದು ಕೇಳಿದ. ಅದನ್ನು ಆಡುವವರೇ ಕೂತು ತೀರ್ಮಾನಿಸಬೇಕಪ್ಪ ಎಂದು ಹೇಳುವಷ್ಟರಲ್ಲಿ ರೈಲು ಬಂತು.